ಗುಬ್ಬಿಯ ಸುಸ್ತು

ಗಾಜು ಊದುವವರ ಮನೆಯ ಮಗು ಹುಟ್ಟಿದ ಕೂಡಲೇ ಅಳುವುದಿಲ್ಲ, ಊದುತ್ತದೆ ಎಂದು ಆ ಕಸುಬಿನವರೇ ಹೇಳಿಕೊಂಡು ನಗುತ್ತಾರೆ. ಗುಬ್ಬಿಯ ಮಟ್ಟಿಗೆ ಅದು ಸುಳ್ಳು. ಹುಟ್ಟಿದಾಗ ಅಂಗೈ ಅಗಲ ಇದ್ದ ಕೂಸಿಗೆ ಅಳುವುದಕ್ಕೂ ಶಕ್ತಿ ಇರಲಿಲ್ಲವಂತೆ. ಅದಕ್ಕೇ ಗುಬ್ಬಿ ಎಂಬ ಹೆಸರು ಅಂಟಿಕೊಂಡಿತು, ಅಪ್ಪ ಅಮ್ಮ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಯಿತು. ಆದರೆ ಅದೇ ಗುಬ್ಬಿ ಪ್ರಾಯಕ್ಕೆ ಬರುವ ಹೊತ್ತಿಗೆ ಅವಳಷ್ಟು ದುಂಡಗೆ, ಅವಳಷ್ಟು ತೆಳ್ಳಗೆ ದೀಪದ ಗೋಳ ಊದುವವರು ಆ ಬೀದಿಯಲ್ಲೇ ಇನ್ನೊಬ್ಬರಿರಲಿಲ್ಲ. ಇದನ್ನು ಅವಳ ಅಣ್ಣನೇ ಹತ್ತು ಜನರ ಮುಂದೆ ಹೇಳಿದ್ದ. ಹೊಗಳುವುದರಲ್ಲಿ ಅವನದು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಾತಿ, ಅಂಥವನು ಹೇಳಿದ್ದ.

ಅಣ್ಣ ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಕುಲುಮೆಯನ್ನೂ ತಂಗಿಯನ್ನೂ ಒಟ್ಟಿಗೆ ವಹಿಸಿಕೊಂಡವನು. ಕುಲುಮೆಯ ಬಾಯನ್ನು ದಿಟ್ಟಿಸಿ ದಿಟ್ಟಿಸಿ ಅವನ ಕಣ್ಣಿಗೆ ಪೊರೆ ಬರತೊಡಗಿತ್ತು. ಕೆಂಪು ಗಾಜು ಯಾವಾಗ ಕಿತ್ತಳೆಯಾಯಿತು ಎಂದು ಈಗ ಬೇರೆಯವರನ್ನು ಕೇಳಬೇಕಾಗಿತ್ತು. ಹಾಗಾಗಿ ಒಂದು ಸಂಜೆ ಕೆಲಸದವರೆಲ್ಲ ಕೈ ತೊಳೆಯುತ್ತಿದ್ದಾಗ ಅಂದ: "ಈ ಸಲ ಕುಲುಮೆ ಆರಿಸಿ ರಿಪೇರಿ ಮಾಡ್ಸಿ ಮತ್ತೆ ಹಚ್ತೀವಲ್ಲ, ಆವತ್ತಿಂದ ಪೀಠ ಗುಬ್ಬೀದು. ಎಲ್ರೂ ಕೇಳ್ಸಿಕೊಂಡ್ರಾ?"

ಪೀಠ ಎಂದರೆ ಸಿಂಹಾಸನವೇನಲ್ಲ. ಎರಡು ಕಡೆ ಉದ್ದನೆಯ ಕಬ್ಬಿಣದ ತೋಳಿರುವ, ಕೂತು ಕೂತು ನಡು ಸವೆದ ಮರದ ಬೆಂಚು. ಊದುಗೊಳವೆಯನ್ನು ಆ ತೋಳುಗಳ ಮೇಲೆ ಉರುಳಿಸುತ್ತ, ತುದಿಯಲ್ಲಿ ಜೋತಾಡುವ ಬಿಸಿ ಗಾಜಿಗೆ ರೂಪ ಕೊಡುವವರು ಅದರ ಮೇಲೆ ಕೂರುತ್ತಾರೆ. ಮಿಕ್ಕವರು ನಿಂತೇ ಇರುತ್ತಾರೆ, ಗಾಜು ತೆಗೆದು ತರುತ್ತಾರೆ, ಹೇಳಿದಾಗ ಊದುತ್ತಾರೆ, ಬೈದಾಗ ಬೈಸಿಕೊಳ್ಳುತ್ತಾರೆ. ಗುಬ್ಬಿ ಹತ್ತು ವರ್ಷ ನಿಂತಿದ್ದಳು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಸಂತೋಷಕ್ಕೂ ಹೊಟ್ಟೆ ತುಂಬುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿದ್ದು.

ಕುಲುಮೆ ಆರಿಸಿದ ವಾರವೇ ಜ್ವರ ಬಂತು. ಮೊದಲು ನೆಗಡಿ ಅಂದುಕೊಂಡರು. ಆಮೇಲೆ ಕತ್ತಿನ ಎರಡೂ ಕಡೆ ಗಂಟು ಎದ್ದವು, ಗಂಟಲು ಕಟ್ಟಿತು. ಉಗುಳುವಂತಿಲ್ಲ ನುಂಗುವಂತಿಲ್ಲ ಎಂಬ ಬಿಸಿತುಪ್ಪದ ಮಾತನ್ನು ಯಾರೋ ತನ್ನಂಥವರೇ ಹಾಸಿಗೆಯಲ್ಲಿ ಮಲಗಿ ಕಟ್ಟಿರಬೇಕು ಅನ್ನಿಸಿತು ಅವಳಿಗೆ. ಅತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಹೇಳಿದರು: "ಗ್ರಂಥಿ ಜ್ವರ. ಇದಕ್ಕೇ ಅಂತ ಔಷಧಿ ಇಲ್ಲಮ್ಮ, ತಾನಾಗೇ ಇಳೀಬೇಕು. ಜ್ವರ, ಗಂಟಲು ನೋವು ಎರಡು ಮೂರು ವಾರಕ್ಕೆ ಹೋಗುತ್ತೆ. ಸುಸ್ತು ಮಾತ್ರ ಹೇಳೋಕಾಗಲ್ಲ. ಕೆಲವರಿಗೆ ಬೇಗ ಹೋಗುತ್ತೆ, ಕೆಲವರನ್ನ ತಿಂಗಳುಗಟ್ಟಲೆ ಕಾಡುತ್ತೆ. ಹೊಟ್ಟೇಲಿ ಎಡಗಡೆ ಗುಲ್ಮ ಅಂತ ಒಂದು ಅಂಗ ಇದೆ, ಅದು ಊದಿಕೊಂಡಿದೆ. ನಾನು ಮತ್ತೆ ನೋಡಿ ಹೇಳೋ ತನಕ ಭಾರ ಎತ್ತಬೇಡ, ಹೊಟ್ಟೆಗೆ ಪೆಟ್ಟು ಬೀಳದ ಹಾಗೆ ನೋಡ್ಕೋ."

"ಇದು ಬರೋದು ಹೇಗೆ?" ಎಂದಳು ಗುಬ್ಬಿ, ಪಿಸುದನಿಯಲ್ಲಿ.

"ಎಂಜಲಿಂದ. ಒಂದೇ ಲೋಟ, ಒಂದೇ ಚಮಚ. ನಿನ್ನ ವಯಸ್ಸಿನವರಿಗೆ ಮುತ್ತು ಕೊಟ್ಟರೂ ಬರುತ್ತೆ" ಎಂದು ಡಾಕ್ಟರಮ್ಮ ನಕ್ಕರು.

ತಮಾಷೆಗೆ ಅಂದ ಮಾತು. ಆದರೆ ಆಸ್ಪತ್ರೆಯಲ್ಲಿ ತಮಾಷೆಯಾಗಿದ್ದದ್ದು ಮನೆ ತಲುಪುವಷ್ಟರಲ್ಲಿ ಸುದ್ದಿಯಾಗಿತ್ತು. ಗಾಜಿನವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ: ಒಬ್ಬರು ಊದಿ ಕೊಟ್ಟ ಕೊಳವೆಯ ಬಾಯನ್ನು ಇನ್ನೊಬ್ಬರು ಒರೆಸಬಾರದು. ಒರೆಸಿದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆ. ಮನೆಯಲ್ಲಿ ತಮ್ಮ ತಮ್ಮ ಲೋಟ ಬೇರೆ ಇಟ್ಟುಕೊಳ್ಳುವವರೇ ಕುಲುಮೆಯ ಮುಂದೆ ದಿನಕ್ಕೆ ನೂರು ಸಲ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕೊಳವೆ ದಾಟಿಸುತ್ತಾರೆ. ಗುಬ್ಬಿಯ ಗಂಟಲಿಗೆ ಇಳಿದದ್ದು ಯಾರ ಎಂಜಲು ಎಂದು ಹುಡುಕಲು ಪತ್ತೇದಾರ ಬೇಕಿರಲಿಲ್ಲ. ಆದರೂ ಬೀದಿಗೆ ಬೇಕಾಗಿದ್ದು ಮುತ್ತಿನ ಕಥೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದು ಕುಲುಮೆಯ ಬೀದಿಯವರೇ ಕೇಳಿದರೆ ಇನ್ನೇನು ಹೇಳುವುದು! ಆಡುವವರ ಬಾಯಿಗೆ ಬೀಗ ಹಾಕಬೇಕಾದವಳು ಅತ್ತಿಗೆ. ಅವಳು ಬೀಗದ ಕೈ ಕಳೆದುಕೊಂಡವಳ ಹಾಗೆ ಸುಮ್ಮನಿದ್ದಳು.

"ಡಾಕ್ಟರುಗಳು ಹಾಗೇ ಹೆದರಿಸ್ತಾರೆ" ಎಂದಳು ಅಣ್ಣನಿಗೆ, ಮಲಗಿದ್ದ ಗುಬ್ಬಿಗೂ ಕೇಳುವ ಹಾಗೆ. "ಜ್ವರ ಅಂದ್ಮೇಲೆ ಹತ್ತು ದಿನ. ತಿಂಗಳುಗಟ್ಟಲೆ ಸುಸ್ತು ಅಂತ ಎಲ್ಲಾದ್ರೂ ಕೇಳಿದೀರಾ?"

ಅಣ್ಣ ಇಲ್ಲ ಎಂದು ತಲೆಯಾಡಿಸಿದ.

ಜ್ವರ ಇಳಿಯಿತು. ಕತ್ತಿನ ಗಂಟುಗಳು ಕರಗಿದವು. ಕೆನ್ನೆಗೆ ಬಣ್ಣ ಬಂತು. ಉಳಿದದ್ದು ಸುಸ್ತು ಒಂದೇ, ಮತ್ತು ಅದನ್ನು ತೋರಿಸಲು ಮೈಮೇಲೆ ಜಾಗವೇ ಇರಲಿಲ್ಲ. ಕಾಲು ಮುರಿದವನಿಗೆ ಪಟ್ಟಿಯಾದರೂ ಇರುತ್ತದೆ. ಗುಬ್ಬಿ ಒಂದು ಕೋಣೆ ಗುಡಿಸಿದರೆ ಪೊರಕೆ ಹಿಡಿದುಕೊಂಡೇ ಗೋಡೆಗೆ ಒರಗಿ ಕೂರುತ್ತಿದ್ದಳು. ತಲೆಸ್ನಾನ ಮಾಡಿದ ದಿನ ಕೂದಲು ಬಾಚಲು ಕೈ ಏಳುತ್ತಿರಲಿಲ್ಲ. ನಿದ್ದೆ ಬೇಕಾದಷ್ಟು ಬರುತ್ತಿತ್ತು, ಆದರೆ ಎದ್ದಾಗ ರಾತ್ರಿಯೆಲ್ಲ ಮೂಟೆ ಹೊತ್ತವಳ ಹಾಗೆ ಮೈ ನೋಯುತ್ತಿತ್ತು.

"ಮುಖ ನೋಡಿದ್ರೆ ದಾಳಿಂಬೆ, ಮಾತು ಕೇಳಿದ್ರೆ ಮಂಚ ಬೇಕು" ಎನ್ನುತ್ತಿದ್ದಳು ಅತ್ತಿಗೆ, ಪಾತ್ರೆಗಳಿಗೆ ಹೇಳುವ ಹಾಗೆ.

ಇತ್ತ ಕುಲುಮೆಯ ಒಳಗೋಡೆ ಹೊಸದಾಯಿತು, ಬೆಂಕಿ ಹಚ್ಚುವ ದಿನ ಹತ್ತಿರ ಬಂತು. ಅಣ್ಣ ಗುಬ್ಬಿಯ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಏನು ಮಾಡೋಣ?"

"ಇನ್ನೊಂದಷ್ಟು ದಿನ ಅಣ್ಣ. ಡಾಕ್ಟರಮ್ಮ ಇನ್ನೂ ಭಾರ ಎತ್ತಬೇಡ ಅಂದಿದಾರೆ."

"ಡಾಕ್ಟರಮ್ಮ ಗಾಜು ಊದಲ್ಲ. ಬಂದು ಉಸಿರು ತೋರಿಸು. ಆಗಲಿಲ್ಲ ಅಂದ್ರೆ ಮಲಕ್ಕೋ, ಯಾರೂ ಏನೂ ಅನ್ನಲ್ಲ."

ಉಸಿರು ತೋರಿಸುವುದು ಅವರಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ. ಕಾಯಿಲೆ ಬಿದ್ದು ರಜೆ ಹಾಕಿದವರು ವಾಪಸು ಬಂದ ದಿನ ಎಲ್ಲರೆದುರು ಒಂದೇ ದಮ್ಮಿಗೆ ತಲೆಯಷ್ಟು ಗೋಳ ಊದಬೇಕು. ಗೋಳ ಬಂತೋ, ಕಾಯಿಲೆ ಹೋಯಿತು. ನಡುವೆ ಉಸಿರು ಮುರಿಯಿತೋ, ಇನ್ನಷ್ಟು ದಿನ ಸಂಬಳ ಸಹಿತ ಮನೆ. ಕೆಮ್ಮು, ದಮ್ಮು, ಎದೆನೋವಿನವರ ಮಟ್ಟಿಗೆ ಇದು ನ್ಯಾಯವಾದ ತಕ್ಕಡಿಯೇ. ಆದರೆ ಗುಬ್ಬಿಯ ಕಾಯಿಲೆ ಎದೆಯಲ್ಲಿರಲಿಲ್ಲ.

ಬುದ್ಧಿ ಇದ್ದವರಾಗಿದ್ದರೆ ಅರ್ಧಕ್ಕೇ ಉಸಿರು ಬಿಟ್ಟು, ಆಗಲಿಲ್ಲ ಎಂದು ಕೊಳವೆ ಕೆಳಗಿಟ್ಟು ಬರುತ್ತಿದ್ದರು. ಗುಬ್ಬಿಗೆ ಆ ಬುದ್ಧಿ ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ಎಲ್ಲರ ಮುಂದೆ ಕೆಟ್ಟ ಗೋಳ ಊದುವುದು ಅವಳ ಕೈಲಾಗಲಿಲ್ಲ. ಹಿಂದಿನ ಎರಡು ದಿನ ಹಾಸಿಗೆ ಬಿಟ್ಟೇಳದೆ ಶಕ್ತಿ ಕೂಡಿಟ್ಟಳು. ಕುಲುಮೆ ಹಚ್ಚಿದ ದಿನ ಹೋಗಿ ನಿಂತಳು, ಗಾಜು ತೆಗೆಯುವ ಅಜ್ಜ ಕೊಳವೆ ಕೊಟ್ಟ, ಊದಿದಳು. ಒಂದೇ ದಮ್ಮು. ಗೋಳ ಬೆಳೆಯಿತು, ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ನೀರಿನ ಬಣ್ಣಕ್ಕೆ. ಎಲ್ಲೂ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇಲ್ಲ.

"ಉಸಿರಿದೆ!" ಎಂದ ಅಜ್ಜ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿ ಪೀಠದ ಮೇಲೆ ಕೂತಳು. ಆ ದಿನವೆಲ್ಲ ಕೂತಿದ್ದಳು. ಅಷ್ಟು ಖುಷಿಯ ದಿನ ಅವಳ ಆಯಸ್ಸಿನಲ್ಲಿ ಬೇರೊಂದಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಕೂರಲೂ ಆಗಲಿಲ್ಲ. ಅದರ ಮರುದಿನವೂ ಅಷ್ಟೇ. ಆಮೇಲೆ ಒಂದು ದಿನ ಹೋದಳು, ಎರಡು ದಿನ ಮಲಗಿದಳು. ಮತ್ತೆ ಹೋದಳು, ಮಧ್ಯಾಹ್ನಕ್ಕೆ ತಲೆ ತಿರುಗಿ ಹೊರಗೆ ಕಲ್ಲಿನ ಮೇಲೆ ಕೂತಳು. ಹೋಟೆಲೊಂದಕ್ಕೆ ಮಾಡುತ್ತಿದ್ದ ದೊಡ್ಡ ಗೋಳ, ಮೂರು ಜನರ ಬೆಳಗಿನ ಕೆಲಸ, ಅವಳ ಕೈ ಸೋತು ನೆಲಕ್ಕೆ ಬಿತ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಗಾಜಿಗೆ ದೊಣ್ಣೆಯೂ ಬೇಡ. ಯಾರೂ ಬೈಯಲಿಲ್ಲ. ಅಣ್ಣ ಚೂರುಗಳನ್ನು ನೋಡಿದ, ತಂಗಿಯನ್ನು ನೋಡಿದ, ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಹೇಳಿದ: "ಉಸಿರಿದೆ. ಮನಸ್ಸಿಲ್ಲ."

ಅಲ್ಲಿಗೆ ತೀರ್ಪಾಯಿತು. ಉಸಿರು ತೋರಿಸದೇ ಹೋಗಿದ್ದರೆ ರೋಗಿಯಾಗಿ ಉಳಿಯುತ್ತಿದ್ದಳು. ತೋರಿಸಿದ್ದರಿಂದ ಮೈಗಳ್ಳಿಯಾದಳು. ಇನ್ನು ಅವಳು ಮಲಗಿದ್ದೆಲ್ಲ ಸೋಮಾರಿತನ, ಕೂತಿದ್ದೆಲ್ಲ ನಾಟಕ. ಮುತ್ತಿನ ಕಥೆಗೂ ಹೊಸ ಚಿಗುರು ಬಂತು: ಯಾರನ್ನೋ ನೆನೆಸಿಕೊಂಡು ಕೊರಗುತ್ತಾಳಂತೆ, ಅದಕ್ಕೇ ಕೆಲಸದ ಮೇಲೆ ಮನಸ್ಸಿಲ್ಲವಂತೆ. ಪೀಠವನ್ನು ಅಣ್ಣ ಸದ್ಯಕ್ಕೆ ಎಂದು ಉದ್ದಣ್ಣನಿಗೆ ಕೊಟ್ಟ.

ಉದ್ದಣ್ಣ ಅತ್ತಿಗೆಯ ತಮ್ಮ. ಅಕ್ಕನ ಆಸರೆಯಲ್ಲಿ ಕೆಲಸ ಕಲಿಯಲು ಹಿಂದಿನ ವರ್ಷ ಬಂದು, ಕುಲುಮೆಯ ಮೇಲಿನ ಕೋಣೆಯಲ್ಲಿ ಇದ್ದವನು. ಬಾಗಿಲಲ್ಲಿ ಬಗ್ಗದೆ ಒಳಗೆ ಬರಲಾಗದಷ್ಟು ಎತ್ತರ, ಅದಕ್ಕೇ ಆ ಹೆಸರು. ಕೆಟ್ಟವನಲ್ಲ. ಗುಟ್ಟು ಮಾತ್ರ ಅವನ ಬಾಯಲ್ಲಿ ನಿಲ್ಲುವುದಿಲ್ಲ. ಸದ್ಯಕ್ಕೆ ಎಂಬ ಮಾತಿಗೆ ಆಯಸ್ಸು ಜಾಸ್ತಿ; ತಿಂಗಳೆರಡು ಕಳೆಯುವಷ್ಟರಲ್ಲಿ ಪೀಠದ ಕಾಲುಗಳಿಗೆ ಮರದ ತುಂಡು ಸೇರಿಸಿ ಅವನ ಎತ್ತರಕ್ಕೆ ಏರಿಸಿದ್ದರು.

ಗುಬ್ಬಿ ಮನೆಯಲ್ಲಿ ಮಲಗಿ ಇದನ್ನೆಲ್ಲ ಕೇಳಿಸಿಕೊಂಡಳು. ಮೊದಮೊದಲು ಕೋಪ ಬರುತ್ತಿತ್ತು. ಕೋಪಕ್ಕೂ ಶಕ್ತಿ ಬೇಕು, ಅದೂ ಖರ್ಚಾಯಿತು. ಆಮೇಲೆ ಬಂದದ್ದು ಕೋಪಕ್ಕಿಂತ ಕೆಟ್ಟದ್ದು, ಅನುಮಾನ. ಇಷ್ಟು ಜನ ಹೇಳುತ್ತಾರೆಂದರೆ ನಿಜವೇ ಇರಬಹುದೇ? ತನಗೆ ಮನಸ್ಸೇ ಇಲ್ಲವೇ? ಏಳು ಎಂದು ಕಾಲಿಗೆ ಹೇಳುತ್ತಿದ್ದಳು, ಕಾಲು ಏಳದಿದ್ದಾಗ ತೊಡೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಡಾಕ್ಟರಮ್ಮ ಪ್ರತಿ ಸಲವೂ ಇದು ಸಹಜ, ಹೋಗುತ್ತೆ, ಮೈಯನ್ನ ಅಟ್ಟಬೇಡ ಎನ್ನುತ್ತಿದ್ದರು. ಆದರೆ ಅವರು ಹಾಗೆಂದದ್ದು ಆಸ್ಪತ್ರೆಯಲ್ಲಿ ಹತ್ತು ನಿಮಿಷ. ಮನೆಯಲ್ಲಿ ಹತ್ತು ಜನರ ಮಾತು ದಿನವಿಡೀ. ನಂಬಿಕೆ ಯಾವ ಕಡೆ ವಾಲುತ್ತದೆ? ಒಂದು ದಿನ ಅತ್ತಿಗೆಯ ಮುಂದೆ ಕೂತು, "ನಂಗೇನಾಗಿದೆಯೋ ಗೊತ್ತಿಲ್ಲ ಅತ್ತಿಗೆ, ನಾನೇ ಸರಿಯಿಲ್ಲ ಅನ್ಸುತ್ತೆ" ಎಂದು ಅತ್ತುಬಿಟ್ಟಳು. ಅತ್ತಿಗೆ ಅವಳ ಬೆನ್ನು ಸವರಿ, "ಹೋಗ್ಲಿ ಬಿಡು, ಎಲ್ರ ಕೈಲೂ ಎಲ್ಲಾ ಆಗಲ್ಲ" ಎಂದಳು. ಆ ಸಮಾಧಾನಕ್ಕೆ ಗುಬ್ಬಿ ಎಷ್ಟೋ ದಿನ ಋಣಿಯಾಗಿದ್ದಳು.

ಹೋಗುವಾಗ ಸುಸ್ತು ಹೇಳದೆ ಹೋಯಿತು. ಬೆಳಿಗ್ಗೆ ಎದ್ದು ನೀರು ತುಂಬಿದ ಎರಡು ಬಕೆಟ್ಟು ಮೇಲಿನ ಮಹಡಿಗೆ ಒಯ್ದಿಟ್ಟು, ಇಳಿದು ಬಂದು ಅರ್ಧ ಬಟ್ಟೆ ಒಗೆದ ಮೇಲೆ ಅವಳಿಗೆ ನೆನಪಾಯಿತು, ನಡುವೆ ಎಲ್ಲೂ ಕೂತಿಲ್ಲ ಎಂದು. ಆ ವಾರವೆಲ್ಲ ಹೆದರಿ ಹೆದರಿ ಕಾದಳು. ಸುಸ್ತು ಮರಳಲಿಲ್ಲ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಇನ್ನು ಏನು ಬೇಕಾದರೂ ಎತ್ತು ಎಂದರು. ಅಷ್ಟರಲ್ಲಿ ಎಂಟು ತಿಂಗಳಾಗಿತ್ತು.

ಕುಲುಮೆಗೆ ಹೋದಳು. ಈ ಸಲ ಅಣ್ಣ ಉಸಿರು ಕೇಳಲಿಲ್ಲ. "ಬಾ, ಉದ್ದಣ್ಣನಿಗೆ ಊದಿಕೊಡು" ಎಂದ. ಗುಬ್ಬಿ ಮತ್ತೆ ನಿಂತಳು. ತಪ್ಪು ತನ್ನದೇ ಅಂದುಕೊಂಡವಳು ಜಗಳವಾಡುವುದು ಯಾವ ಮುಖ ಇಟ್ಟುಕೊಂಡು? ಕೆಲಸ ಮಾಡಿ ತೋರಿಸಿದರೆ ಅಣ್ಣನಿಗೇ ಗೊತ್ತಾದೀತು, ಪೀಠ ವಾಪಸು ಬಂದೀತು ಎಂದುಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕೊನೆಗೆ ಹೋಗತೊಡಗಿದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಉದ್ದಣ್ಣ ಪಕ್ಕದಲ್ಲಿ ಬಂದು ಕೂತ. ಅವನಿಗೆ ಆ ವಾರ ಮದುವೆ ಗೊತ್ತಾಗಿತ್ತು, ನಾಲಿಗೆ ಸಡಿಲವಾಗಿತ್ತು.

"ನಿಮ್ಮನ್ನ ನೋಡಿದ್ರೆ ಆಶ್ಚರ್ಯ ಆಗುತ್ತೆ ಕಣ್ರೀ" ಎಂದ. "ಆ ಜ್ವರದಲ್ಲಿ ಹೋಗಿ ಗೋಳ ಊದಿದ್ರಲ್ಲ! ನಾನಾಗಿದ್ರೆ ಸತ್ತೇ ಹೋಗ್ತಿದ್ದೆ. ನಂಗೆ ಬಂದಾಗ ಚಮಚ ಎತ್ತೋಕೂ ಆಗ್ತಿರಲಿಲ್ಲ."

"ನಿಮಗೆ ಬಂದಾಗ?"

"ಇದೇ ಜ್ವರ ಕಣ್ರೀ. ಇಲ್ಲಿಗೆ ಬರೋ ಮುಂಚೆ. ಏಳು ತಿಂಗಳು ಮಲಗಿದ್ದೆ. ಅಕ್ಕ ತವರಿಗೆ ಬಂದಿದ್ಲಲ್ಲ, ನಮ್ಮಮ್ಮಂಗೆ ಮಂಡಿ ನೋವು ಅಂತ? ಮಂಡಿನೂ ಇಲ್ಲ ಏನೂ ಇಲ್ಲ, ನನ್ನ ನೋಡ್ಕೊಳ್ಳೋಕೆ. ಮಗ್ಗುಲು ಬದಲಾಯಿಸೋಕೂ ಅವಳೇ ಬೇಕಿತ್ತು. ಹೆಣ್ಣು ನೋಡೋವಾಗ ಅಡ್ಡಿ ಆಗುತ್ತೆ, ಯಾರಿಗೂ ಹೇಳ್ಬೇಡ ಅಂದಿದ್ಲು. ಈಗ ಮದುವೆ ಗೊತ್ತಾಯ್ತಲ್ಲ, ಇನ್ನೇನು."

ಗುಬ್ಬಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತಿಂಗಳುಗಟ್ಟಲೆ ಸುಸ್ತು ಅಂತ ಎಲ್ಲಾದರೂ ಕೇಳಿದ್ದೀರಾ ಎಂದು ಕೇಳಿದವಳು, ಅದನ್ನು ಹಾಸಿಗೆಯ ಪಕ್ಕ ಕೂತು ನೋಡಿ ಬಂದವಳು. ತಮ್ಮನನ್ನು ಮಗ್ಗುಲು ಬದಲಾಯಿಸಿ ಮಲಗಿಸಿದ ಅದೇ ಕೈ ತನ್ನ ಬೆನ್ನು ಸವರಿತ್ತು.

ಊಟ ಬಿಟ್ಟು ಎದ್ದು ಮನೆಗೆ ಹೋದಳು. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು.

"ನಿಮಗೆ ಗೊತ್ತಿತ್ತು."

ಅತ್ತಿಗೆ ಏನು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿ ಮುಗಿಸಿದಳು. "ಗೊತ್ತಿತ್ತು" ಎಂದಳು. "ಏನ್ಮಾಡ್ಲಿ ಹೇಳು? ನೀನು ಇವತ್ತಲ್ಲ ನಾಳೆ ಇನ್ನೊಂದು ಮನೆಗೆ ಹೋಗೋಳು. ಅವನಿಗೆ ಒಂದು ನೆಲೆ ಆಗ್ಬೇಕಿತ್ತು. ನಿಂಗೂ ಒಬ್ಬ ತಮ್ಮ ಇದ್ದಿದ್ರೆ ಅರ್ಥ ಆಗ್ತಿತ್ತು."

"ನಂಗೂ ಒಬ್ಬ ಅಣ್ಣ ಇದಾನೆ" ಎಂದಳು ಗುಬ್ಬಿ.

ಅತ್ತಿಗೆ ಅವಳ ಮುಖ ನೋಡಿದಳು. ಆಮೇಲೆ ಇನ್ನೊಂದು ಹೊದಿಕೆಗೆ ಕೈ ಹಾಕಿದಳು.

ಗುಬ್ಬಿ ಬೀದಿಯಲ್ಲಿ ಓಡಿದಳು ಎಂದೇ ಹೇಳಬೇಕು. ಅಣ್ಣನಿಗೆ ಹೇಳಿದರೆ ಆಯಿತು. ಅವನು ಒರಟ, ಜುಗ್ಗ, ಹೊಗಳಲು ಬಾರದವನು, ಆದರೆ ಮಾತಿಗೆ ತಪ್ಪುವವನಲ್ಲ. ಹೆಂಡತಿ ಕಣ್ಣಿಗೆ ಮಣ್ಣೆರಚಿದಳು, ಪೊರೆ ಬಂದ ಕಣ್ಣು, ಕಾಣಲಿಲ್ಲ. ಈಗ ಗೊತ್ತಾದರೆ ಸುಮ್ಮನಿರುತ್ತಾನೆಯೇ? ಪೀಠದ ಕಾಲಿಗೆ ಸೇರಿಸಿದ ಮರದ ತುಂಡುಗಳನ್ನು ತಾನೇ ಕಿತ್ತೆಸೆಯುತ್ತಾನೆ.

ಅಣ್ಣ ಕುಲುಮೆಯ ಹಿತ್ತಲಿನಲ್ಲಿ ಮರಳು ಜರಡಿ ಹಿಡಿಯುತ್ತಿದ್ದ. ಗುಬ್ಬಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು: ಉದ್ದಣ್ಣನ ಏಳು ತಿಂಗಳು, ಅತ್ತಿಗೆಯ ತವರು, ಇಲ್ಲದ ಮಂಡಿ ನೋವು. ಜರಡಿ ನಿಂತಿತು. ಅಣ್ಣ ಅವಳತ್ತ ತಿರುಗಲಿಲ್ಲ.

"ನಾನೂ ಎರಡು ಸಲ ಹೋಗಿ ನೋಡಿ ಬಂದಿದ್ದೆ" ಎಂದ. "ಹಣ್ಣು ತಗೊಂಡು ಹೋಗಿದ್ದೆ."

ಗುಬ್ಬಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಮತ್ತೆ ಉಸಿರು ಯಾಕೆ ತೋರಿಸು ಅಂದೆ?"

"ಎಲ್ರ ಮುಂದೆ ಮಾತು ಕೊಟ್ಟಿದ್ದೆ. ನೀನೋ ಎಷ್ಟು ತಿಂಗಳು ಮಲಗ್ತೀಯೋ ಗೊತ್ತಿರಲಿಲ್ಲ, ಅಲ್ಲೀ ತನಕ ಪೀಠ ಖಾಲಿ ಇಡೋಕಾಗುತ್ತಾ? ನನ್ನ ಕಣ್ಣು ಹೀಗೆ. ನಾನಾಗೇ ಕಿತ್ಕೊಂಡ್ರೆ ತಂಗಿ ಕಾಯಿಲೆ ಬಿದ್ದಾಗ ಕಿತ್ಕೊಂಡ ಅಂತಾರೆ. ಉಸಿರು ಮುರಿದ್ರೆ ನೀನಾಗೇ ಬಿಟ್ಟ ಹಾಗಾಗುತ್ತೆ ಅಂತ ಅಂದ್ಕೊಂಡೆ." ಅಣ್ಣ ಮರಳಿನಲ್ಲಿ ಕಲ್ಲೊಂದನ್ನು ಹುಡುಕಿ ಎಸೆದ. "ನೀನು ಊದಿಬಿಟ್ಟೆ."

"ಅದಕ್ಕೇ ನೀನು ನಂಗೆ ಮನಸ್ಸಿಲ್ಲ ಅಂದೆ."

ಅಣ್ಣ ಮತ್ತೆ ಜರಡಿ ಅಲ್ಲಾಡಿಸತೊಡಗಿದ. ಗುಬ್ಬಿಗೆ ಅಳು ಬರಲಿಲ್ಲ. ಅಳುವುದಾದರೆ ಎಂಟು ತಿಂಗಳು ತನ್ನ ಕಾಲಿಗೆ ತಾನೇ ಹೊಡೆದುಕೊಂಡದ್ದಕ್ಕೆ ಅಳಬೇಕಿತ್ತು, ಅದಕ್ಕೆ ಈ ಹಿತ್ತಲು ಸಾಲದು. ಜ್ವರ ಯಾರ ಎಂಜಲಿನಿಂದಲೋ ಬಂತು, ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದು ಬಂದದ್ದಕ್ಕೂ ಹೋದದ್ದಕ್ಕೂ ಯಾರ ಮುಲಾಜೂ ಇರಲಿಲ್ಲ. ಈ ಮನುಷ್ಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಎಲ್ಲ ತಿಳಿದೇ ಕರೆದಿದ್ದ.

"ನಾಳೆಯಿಂದ ನಾನು ಬರಲ್ಲ" ಎಂದಳು.

"ಎಲ್ಲಿಗೆ ಹೋಗ್ತೀಯ?"

"ಕುಲುಮೆ ಇದೊಂದೇ ಅಲ್ಲ."

ಒಳಗೆ ಹೋಗಿ ತನ್ನ ಊದುಗೊಳವೆ, ಇಕ್ಕಳಗಳು, ಕತ್ತರಿ, ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಒಂದೇ ಸಲಕ್ಕೆ ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ಗಂಡಾಳೊಬ್ಬ ಹೊರುವಷ್ಟು ಕಬ್ಬಿಣ. ಹೆಗಲು ಬಗ್ಗಲಿಲ್ಲ, ಕಾಲು ನಡುಗಲಿಲ್ಲ. ಊಟ ಮುಗಿಸಿ ಬಂದ ಕೆಲಸದವರು ಕುಲುಮೆಯ ಸುತ್ತ ನಿಂತು ಕಣ್ಣರಳಿಸಿ ನೋಡಿದರು. ಅಜ್ಜ, "ಏನಾಯ್ತು ಗುಬ್ಬೀ?" ಎಂದು ಎರಡು ಹೆಜ್ಜೆ ಮುಂದೆ ಬಂದ.

ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಹಿಂದಿನಿಂದ ಬಂದು ಅಜ್ಜನ ತೋಳು ಹಿಡಿದುಕೊಂಡಿದ್ದ.

"ಬಿಡು ಅಜ್ಜ, ಹೋಗ್ಲಿ" ಎಂದ, ಎಲ್ಲರಿಗೂ ಕೇಳುವ ಹಾಗೆ, ಮೆತ್ತನೆಯ ದನಿಯಲ್ಲಿ. "ಪಾಪ, ಅವಳಿಗಿನ್ನೂ ಹುಷಾರಾಗಿಲ್ಲ. ಕೆಟ್ಟ ಜ್ವರ ಅದು, ತಿಂಗಳುಗಟ್ಟಲೆ ಬಿಡಲ್ಲ."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.